ಅಮ್ಮ ಮೀಟಿಂಗಿಗೆ ಬರೋದು ಬೇಡ

(ತಾಯಿ, ಮಗಳು ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

2024ರ ಆಗಸ್ಟ್ ತಿಂಗಳ ಒಂದು ಭಾನುವಾರ. ನಮ್ಮ ಸಲಹಾ ಕೇಂದ್ರಕ್ಕೆ ಭಾನುವಾರ ಬರುವವರಲ್ಲಿ ಗಾರ್ಮೆಂಟ್ಸ್ ಹೆಂಗಸರೇ ಜಾಸ್ತಿ. ವಾರದಲ್ಲಿ ಅವರ ಕೈಗೆ ಸಿಗುವುದು ಅದೊಂದೇ ದಿನ. ಆ ತಾಯಿ ಬಂದು ಕೂತವರೇ ಪರ್ಸಿನಿಂದ ಐದು ಚೀಟಿ ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಬೆರಳುದ್ದಕ್ಕೆ ಮಡಚಿದ್ದ ಚೀಟಿಗಳು. ಮಡಿಕೆ ಬಿದ್ದ ಕಡೆ ಕಾಗದ ಹರಿಯುವ ಹಾಗಾಗಿತ್ತು. ಐದೂ ಶಾಲೆಯ ಪೋಷಕರ ಸಭೆಯ ನೋಟಿಸು, ಇಂಗ್ಲಿಷಿನಲ್ಲಿ. ಐದರಲ್ಲೂ ಪೋಷಕರು ಸಹಿ ಹಾಕುವ ಜಾಗ ಖಾಲಿ.

“ಮಗಳ ಅಟ್ಲಾಸ್ ಒಳಗೆ ಸಿಕ್ತು ಮೇಡಂ. ಎರಡು ವರ್ಷದ್ದು. ಒಂದೂ ನಂಗೆ ತೋರಿಸಿಲ್ಲ. ಸಿಟ್ಟಲ್ಲಿ ಕೆನ್ನೆಗೆ ಹೊಡೆದುಬಿಟ್ಟೆ. ಎರಡು ದಿನ ಆಯ್ತು, ಅವಳು ನನ್ನ ಹತ್ರ ಮಾತಾಡ್ತಿಲ್ಲ.”

ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹನ್ನೆರಡು ವರ್ಷ, ಏಳನೇ ಕ್ಲಾಸು.

ತಾಯಿ ತುಮಕೂರು ಕಡೆಯವರು. ಗಾರ್ಮೆಂಟ್ಸ್‌ನಲ್ಲಿ ಟೈಲರ್, ಶರ್ಟಿನ ಕಾಲರ್ ಹೊಲಿಯುವ ಕೆಲಸ. ಬೆಳಗ್ಗೆ 9ರಿಂದ ಸಂಜೆ 5.30. ಗಂಡ ಮನೆಗಳಿಗೆ ಪೇಂಟಿಂಗ್ ಮಾಡುತ್ತಾರೆ. ಮಗಳಿಗೆ 2018ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಉಚಿತ ಕೋಟಾದಲ್ಲಿ ಖಾಸಗಿ ಶಾಲೆಯ ಒಂದನೇ ಕ್ಲಾಸಿಗೆ ಸೀಟು ಸಿಕ್ಕಿತ್ತು. ಬೀದಿಯವರೆಲ್ಲ ಅದೃಷ್ಟ ಅಂದಿದ್ದರು. ಮರುವರ್ಷದಿಂದ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಕೋಟಾದ ಸೀಟು ಇಲ್ಲ ಅಂತಾಯಿತು. ಹಾಗಾಗಿ ಈ ಹುಡುಗಿಯ ಹಿಂದೆ ಕೆಳಗಿನ ಕ್ಲಾಸುಗಳಲ್ಲಿ ಅವಳಂಥ ಮನೆಯ ಮಕ್ಕಳು ತುಂಬಾ ಕಡಿಮೆ. ಸಭೆಗೆ ಬರುವ ಅಪ್ಪ ಅಮ್ಮಂದಿರ ನಡುವೆಯೂ ಇವರಂಥವರು ವರ್ಷದಿಂದ ವರ್ಷಕ್ಕೆ ಒಂಟಿಯಾಗುತ್ತಿದ್ದಾರೆ. ನನಗೆ ಇದು ಹೊಳೆದಿದ್ದು ಈ ಪ್ರಕರಣದಿಂದಲೇ.

“ನೀವು ಯಾವತ್ತಾದ್ರೂ ಮೀಟಿಂಗಿಗೆ ಹೋಗಿದ್ರಾ ಅಕ್ಕಾ?” ಅಂತ ಕೇಳಿದೆ.

ಒಂದೇ ಸಲ ಹೋಗಿದ್ದರು, ಮಗಳು ಐದನೇ ಕ್ಲಾಸಿನಲ್ಲಿದ್ದಾಗ. ಶನಿವಾರ ಬೆಳಗ್ಗೆ ಹತ್ತೂವರೆಗೆ ಸಭೆ. ನೋಟಿಸು ಬಂದಿದ್ದು ಗುರುವಾರ. ಸೂಪರ್‌ವೈಸರ್ ಹತ್ತಿರ ಬೇಡಿಕೊಂಡು ಅರ್ಧ ದಿನ ಬಿಡಿಸಿಕೊಂಡರು. ಅರ್ಧ ದಿನದ ಸಂಬಳ ಹೋಯಿತು. ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಯಿತು. ಹಾಲ್‌ಗೆ ಹೋದರೆ ಮುಂದಿನ ಕುರ್ಚಿಯ ತಾಯಂದಿರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಅವರದೇ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಇವರನ್ನು ಅದಕ್ಕೆ ಯಾರೂ ಸೇರಿಸಿರಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ. “ಎಲ್ಲರೂ ನಕ್ರು ಮೇಡಂ, ನಾನೂ ನಕ್ಕೆ. ಯಾಕೆ ಅಂತ ಗೊತ್ತಿರ್ಲಿಲ್ಲ.” ಆಮೇಲೆ ಪೋಷಕರ ಸಮಿತಿಗೆ ನಾಲ್ಕು ಹೆಸರು ಓದಿದರು. ಎಲ್ಲರೂ ಕೈ ಎತ್ತಿದರು. ಇವರೂ ಎತ್ತಿದರು. ಆ ನಾಲ್ಕು ಹೆಸರು ಗ್ರೂಪಿನಲ್ಲಿ ಹಿಂದಿನ ದಿನವೇ ತೀರ್ಮಾನವಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಕೊನೆಗೆ ಒಬ್ಬೊಬ್ಬರೇ ಕ್ಲಾಸ್ ಟೀಚರ್ ಹತ್ತಿರ ಹೋಗಬೇಕು. ಇವರ ಸರದಿ ಬಂದಾಗ ಎರಡು ನಿಮಿಷ. “ಮಾರ್ಕ್ಸ್ ಸ್ವಲ್ಪ ಇಳಿದಿದೆ, ಮನೇಲಿ ಗಮನ ಕೊಡಿ” ಅಂದರಂತೆ. ಇವರ ಅಂಗೈಯಲ್ಲಿ ಒಂದು ಚೀಟಿ ಇತ್ತು. ಮರೆತುಹೋಗಬಾರದು ಅಂತ ಹಿಂದಿನ ರಾತ್ರಿ ಬರೆದಿಟ್ಟುಕೊಂಡಿದ್ದು: ‘ಬೋರ್ಡ್ ಕಾಣಲ್ಲ ಅಂತಾಳೆ. ಮುಂದೆ ಕೂರಿಸಿ.’ ಅದನ್ನು ಕೇಳಲೇ ಇಲ್ಲ. ಹಿಂದೆ ಜನ ಕಾಯುತ್ತಿದ್ದರು. ಚೀಟಿ ಬೆವರಿಗೆ ಒದ್ದೆಯಾಗಿತ್ತು. ಆ ಹುಡುಗಿಗೆ ಕನ್ನಡಕ ಬಂದಿದ್ದು ಒಂದು ವರ್ಷದ ಮೇಲೆ, ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದಾಗ.

ಇದನ್ನು ಕೇಳುವಾಗ ನನಗೆ ಹೊಟ್ಟೆ ಉರಿಯಿತು. ಶಾಲೆ ಯಾರನ್ನೂ ಬರಬೇಡಿ ಅಂದಿರಲಿಲ್ಲ, ನಿಜ. ನೋಟಿಸು ಎಲ್ಲ ಮಕ್ಕಳ ಕೈಗೂ ಹೋಗಿತ್ತು. ಆದರೆ ಈ ತಾಯಿಗೆ ದಿನ ಹೊಂದಲ್ಲ, ಹೊತ್ತು ಹೊಂದಲ್ಲ, ಭಾಷೆ ತಿಳಿಯಲ್ಲ, ಬಾಯಿ ಬಿಡಲು ಸಮಯವಿಲ್ಲ. ಇಷ್ಟಾದ ಮೇಲೆ “ಪೋಷಕರಿಗೆ ಆಸಕ್ತಿಯೇ ಇಲ್ಲ” ಅಂತ ಡೈರಿಯಲ್ಲಿ ಬರೆದು ಕಳಿಸುವುದು ಅನ್ಯಾಯ. ಅವರು ಮಗಳನ್ನು ಹೊಡೆದಿದ್ದೂ ಆ ಡೈರಿ ಓದಿಸಿಕೊಂಡ ದಿನವೇ.

ಆಮೇಲೆ ಮಗಳನ್ನು ಒಳಗೆ ಕರೆದೆ. ತಾಯಿ ಹೊರಗೆ ಕೂತರು. ಅವಳ ಮುಂದೆ ಒಂದು ಕಾಗದ, ಪೆನ್ಸಿಲ್ ಇಟ್ಟೆ. ಸುಮ್ನೆ ಗೀಚುತ್ತಾ ಕೂತಳು. ನಾನೂ ಅವಸರ ಮಾಡಲಿಲ್ಲ.

ಅಷ್ಟು ಹೊತ್ತು ನನ್ನ ಮನಸ್ಸಿನಲ್ಲಿ ಇದ್ದಿದ್ದು ಒಂದೇ: ಹುಡುಗಿಗೆ ಅಮ್ಮನ ಬಗ್ಗೆ ನಾಚಿಕೆ. ತಾಯಿಯೂ ಹಾಗೇ ಅಂದುಕೊಂಡಿದ್ದರು. “ನನ್ನ ಸೀರೆ ನೋಡಿ, ನನ್ನ ಮಾತು ಕೇಳಿ ಅವಳಿಗೆ ಅವಮಾನ ಆಗುತ್ತೆ” ಅಂದಿದ್ದರು. ನಾವಿಬ್ಬರೂ ತಪ್ಪು ತಿಳಿದಿದ್ದೆವು.

“ಮೀಟಿಂಗಿಗೆ ಬಂದ್ರೆ ಅಮ್ಮಂಗೆ ಫೀಸ್ ವಿಷಯ ಗೊತ್ತಾಗುತ್ತೆ” ಅಂದಳು.

“ಯಾವ ಫೀಸ್ ಪುಟ್ಟಾ? ನಿನಗೆ ಎಂಟನೇ ಕ್ಲಾಸಿನವರೆಗೂ ಫೀಸ್ ಇಲ್ಲ ಅಲ್ವಾ?”

“ಒಂಬತ್ತಕ್ಕೆ ಇದೆ. ನಮ್ಮ ಕ್ಲಾಸವರು ಹೇಳಿದ್ರು. ಅಷ್ಟು ದುಡ್ಡು ನಮ್ಮನೇಲಿ ಇಲ್ಲ. ಅಮ್ಮಂಗೆ ಗೊತ್ತಾದ್ರೆ ಈಗ್ಲೇ ಬಿಡಿಸ್ತಾರೆ. ಇಲ್ಲಾಂದ್ರೆ ಓಟಿ ಮಾಡ್ತಾರೆ, ರಾತ್ರಿ ಬರ್ತಾರೆ. ಈಗ್ಲೇ ಅವರಿಗೆ ಬೆನ್ನು ನೋವು.”

ಎರಡು ವರ್ಷ ಈ ಭಾರವನ್ನು ಆ ಮಗು ಅಟ್ಲಾಸಿನೊಳಗೆ ಮಡಚಿಟ್ಟುಕೊಂಡಿತ್ತು. ನಾನು ಎದ್ದು ಹೋಗಿ ಅವಳ ಪಕ್ಕ ಕೂತೆ. ಅವಳು ಹೇಳಿದ್ದು ನಿಜವೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಅದೇ ಶಾಲೆಯಲ್ಲಿ ಉಳಿಯಬೇಕಾದರೆ ಫೀಸು ಕಟ್ಟಬೇಕು. ಇದನ್ನು ದೊಡ್ಡವರು ದೊಡ್ಡವರಿಗೆ ಹೇಳಬೇಕಿತ್ತು. ಹೇಳುವ ಜಾಗ ಅಂದರೆ ಪೋಷಕರ ಸಭೆಯೇ. ಅಲ್ಲಿಗೆ ತಾಯಿ ತಲುಪಲಿಲ್ಲ, ಹಾಗಾಗಿ ವಿಷಯ ಮಗುವಿನ ತಲೆ ಮೇಲೆ ಬಂದು ಕೂತಿತು.

ಅವಳ ಒಪ್ಪಿಗೆ ಕೇಳಿಯೇ ತಾಯಿಯನ್ನು ಒಳಗೆ ಕರೆದೆ. ಮಗಳೇ ಹೇಳಿದಳು. ತಾಯಿ ಏನೂ ಮಾತಾಡಲಿಲ್ಲ, ಅವಳ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿದರು. ಆಮೇಲೆ ಇಬ್ಬರೂ ಅತ್ತರು.

ನಾನು ಕೊಟ್ಟ ಸಲಹೆ ಹೀಗಿತ್ತು.

ಮೊದಲಿನದು ಆ ಏಟಿನ ಬಗ್ಗೆ. “ಹೊಡೆದಿದ್ದು ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿ. ಅವಳು ಚೀಟಿ ಬಚ್ಚಿಟ್ಟಿದ್ದನ್ನ ಅದರ ಜೊತೆ ಸೇರಿಸಬೇಡಿ” ಅಂದೆ. ನಮ್ಮಲ್ಲಿ ಮಕ್ಕಳ ಹತ್ತಿರ ತಪ್ಪೊಪ್ಪಿಕೊಳ್ಳುವ ರೂಢಿ ಕಡಿಮೆ. ಅವರು ಅಲ್ಲೇ, ನನ್ನ ಮುಂದೆಯೇ ಹೇಳಿದರು. ಮಗಳಿಗೆ ಹೇಳಿದ್ದು ಇಷ್ಟೇ: ದುಡ್ಡಿನ ಲೆಕ್ಕ ಅಪ್ಪ ಅಮ್ಮನದು, ಚೀಟಿ ಬಂದ ದಿನವೇ ತೋರಿಸುವುದು ನಿನ್ನದು.

ಒಂದು ವಿಷಯವನ್ನು ಒತ್ತಿ ಹೇಳಿದೆ. ಸಭೆಯಲ್ಲಿ ಮಗಳನ್ನು ನಿಲ್ಲಿಸಿಕೊಂಡು ಅವಳ ಕೈಲಿ ಇಂಗ್ಲಿಷ್ ಹೇಳಿಸಿಕೊಳ್ಳಬೇಡಿ. ಅನೇಕ ಮನೆಗಳಲ್ಲಿ ಹೀಗೆ ಮಾಡುತ್ತಾರೆ, ಟೀಚರುಗಳಿಗೂ ಅದು ಸುಲಭ. ಆದರೆ ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ತಿಳಿಸಿ ಹೇಳುವುದು ಮಗುವಿಗೆ ಹಿಂಸೆ. ಅಮ್ಮನನ್ನು ತಾನು ಕಾಯಬೇಕು ಅನ್ನುವ ಭಾವ ಈ ಹುಡುಗಿಯಲ್ಲಿ ಮೊದಲೇ ಬೇರು ಬಿಟ್ಟಿದೆ. “ಕನ್ನಡದಲ್ಲಿ ಹೇಳಿ ಮಿಸ್” ಅನ್ನಿ. ಬೆಂಗಳೂರಿನಲ್ಲಿ ಕೂತು ಹೀಗೆ ಕೇಳುವುದಕ್ಕೆ ಯಾರೂ ಸಂಕೋಚ ಪಡಬೇಕಿಲ್ಲ.

ಇನ್ನು ರಜೆಯ ಮಾತು. ಅವರಿಗೆ ಸಂಬಳ ಸಹಿತ ರಜೆ ಇತ್ತು, ಅದನ್ನೆಲ್ಲ ಊರ ಹಬ್ಬಕ್ಕೆ ಅಂತ ಎತ್ತಿಡುತ್ತಿದ್ದರು. 1948ರ ಕಾರ್ಖಾನೆ ಕಾಯ್ದೆಯಲ್ಲಿ 20 ದಿನ ದುಡಿದರೆ ಒಂದು ದಿನದ ಲೆಕ್ಕದಲ್ಲಿ ಗಳಿಕೆ ರಜೆ ಇತ್ತು. ಆದರೆ 15 ದಿನ ಮೊದಲೇ ಅರ್ಜಿ ಕೊಡಬೇಕಿತ್ತು. ಶಾಲೆ ಎರಡು ದಿನ ಮೊದಲು ನೋಟಿಸು ಕೊಟ್ಟರೆ ಯಾವ ಕಾರ್ಮಿಕಳು ತಾನೇ ಅರ್ಜಿ ಹಾಕಿಯಾಳು? ಶಾಲೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹಾಗಾದರೆ ಹೇಳೋಣ ಅಂದೆ.

ಅಲ್ಲೇ ಕೂತು ಒಂದು ಪತ್ರ ಬರೆದೆವು. ಅವರು ಹೇಳಿದರು, ನಾನು ಬರೆದೆ, ಕೊನೆಗೆ ಅವರ ಕೈಯಲ್ಲೇ ಮತ್ತೆ ಬರೆಸಿದೆ.

“ಮುಖ್ಯ ಶಿಕ್ಷಕಿಯವರಿಗೆ ನಮಸ್ಕಾರ. ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಸಭೆಯ ದಿನವನ್ನು 20 ದಿನ ಮೊದಲು ತಿಳಿಸಿದರೆ ರಜೆ ಹಾಕಿ ಬರುತ್ತೇನೆ. ಬರಲು ಆಗದಿದ್ದರೆ ಸಂಜೆ 6ರ ಮೇಲೆ ಟೀಚರ್ ಜೊತೆ ಫೋನಿನಲ್ಲಿ 10 ನಿಮಿಷ ಕನ್ನಡದಲ್ಲಿ ಮಾತಾಡಲು ಅವಕಾಶ ಕೊಡಿ. ಸಭೆಯಲ್ಲಿ ಏನು ತೀರ್ಮಾನ ಆಯಿತು ಅಂತ ಬರೆದು ಕಳಿಸಿ. ಒಂಬತ್ತನೇ ಕ್ಲಾಸಿನ ಫೀಸಿನ ಬಗ್ಗೆ ತಿಳಿಸಿ.”

ಅಷ್ಟಕ್ಕೆ ಮುಗಿಸಿದ್ದೆ. ಅವರು ಇನ್ನೊಂದು ಸಾಲು ಸೇರಿಸಿದರು: “ನನ್ನ ಮಗಳ ಓದಿನ ಮೇಲೆ ನನಗೆ ಗಮನ ಇದೆ.”

ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಲೆಯ ಸೀಲು ಹಾಕಿಸಿಕೊಳ್ಳಿ ಅಂದೆ. ಉತ್ತರ ಬರದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗೋಣ, ಮೊದಲೇ ಬೇಡ. ಕಾನೂನು ಇವರ ಪರವಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸುವುದು ಅದರಲ್ಲಿ ಒಂದು. ಇವರು ಬೇಡುತ್ತಿರುವುದು ಯಾರ ಉಪಕಾರವನ್ನೂ ಅಲ್ಲ.

ಮಾತಿನ ನಡುವೆ ಅವರು ಊರಿನಲ್ಲಿರುವ ತಂಗಿಯ ವಿಷಯ ತೆಗೆದರು. ಅವಳ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ, ಅವಳು ಅಲ್ಲಿ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸರ್ಕಾರಿ, ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಪೂರ್ತಿ ಖಾಸಗಿಯಾದ ಶಾಲೆಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. “ಅವಳಾದ್ರೂ ಪುಣ್ಯವಂತೆ” ಅಂದರು. ಸಭೆಗೆ ಹೋಗ್ತಾಳಾ ಅಂದೆ. ಇಲ್ಲವಂತೆ. ರಿಜಿಸ್ಟರ್ ಮನೆಗೇ ಬರುತ್ತದೆ, ರೊಟ್ಟಿ ತಟ್ಟುವ ಕೈ ತೊಳೆದುಕೊಂಡು ಸಹಿ ಹಾಕುತ್ತಾಳೆ. ತಂಗಿಗೂ ಒಂದು ಮಾತು ಹೇಳಿ ಅಂದೆ: ಏನು ಬರೆದಿದೆ ಅಂತ ಓದದೆ ಸಹಿ ಹಾಕಬೇಡ, ಮುಂದಿನ ಸಭೆ ಯಾವತ್ತು ಅಂತ ಕೇಳು.

ಗಂಡನನ್ನು ಮುಂದಿನ ವಾರ ಕರೆಸಿದೆ. “ಅದೆಲ್ಲ ಅವಳೇ ನೋಡ್ಕೊಳ್ಳೋದು” ಅಂದರು. ಪೇಂಟಿಂಗ್ ಕೆಲಸ ಇಲ್ಲದ ದಿನ ನೀವು ಹೋಗಬಹುದಲ್ಲ ಅಂದೆ. ತಲೆ ಆಡಿಸಿದರು. ಇದುವರೆಗೆ ಹೋಗಿಲ್ಲ.

ಶಾಲೆಯ ಉತ್ತರ ಬರಲು ಮೂರು ವಾರ ಬೇಕಾಯಿತು. ತಾಯಿಯ ಒಪ್ಪಿಗೆ ಪಡೆದು ನಾನೂ ಮುಖ್ಯ ಶಿಕ್ಷಕಿಯ ಜೊತೆ ಮಾತಾಡಿದೆ. ಸಂಜೆ ಸಭೆ ಇಡಲು ಅವರು ಒಪ್ಪಲಿಲ್ಲ. ಅವರ ಟೀಚರುಗಳಲ್ಲಿ ಹೆಚ್ಚಿನವರು ಎರಡು ಬಸ್ ಬದಲಿಸಿ ಮನೆಗೆ ಹೋಗುವವರು, ಅವರ ಮನೆಯಲ್ಲೂ ಚಿಕ್ಕ ಮಕ್ಕಳಿವೆ. ಅದು ಸುಳ್ಳಲ್ಲ. ವರ್ಷಕ್ಕೆ ಒಂದು ಸಭೆಯನ್ನಾದರೂ ಭಾನುವಾರ ಇಟ್ಟು, ಅವರಿಗೆ ಬದಲಿ ರಜೆ ಕೊಡಿ ಅಂದೆ. ನೋಡೋಣ ಅಂದರು. ದಿನ ಮೊದಲೇ ತಿಳಿಸುವುದಕ್ಕೆ, ನೋಟಿಸನ್ನು ಕನ್ನಡದಲ್ಲೂ ಕೊಡುವುದಕ್ಕೆ, ಫೋನಿನ ಮಾತಿಗೆ ಒಪ್ಪಿದರು. ಪೋಷಕರ ವಾಟ್ಸಾಪ್ ಗ್ರೂಪ್ ಶಾಲೆಯದಲ್ಲ, ಅದಕ್ಕೆ ನಾವು ಹೊಣೆಯಲ್ಲ ಅಂದರು. ಸಮಿತಿಯ ಹೆಸರು ಅಲ್ಲೇ ತೀರ್ಮಾನ ಆಗುತ್ತಿದ್ದರೆ ಹೊಣೆ ಹೊರಬೇಕಾಗುತ್ತದೆ ಅಂತ ನಾನು ಹೇಳಿದೆ. ಆ ಮಾತು ಇನ್ನೂ ಮುಗಿದಿಲ್ಲ.

ಡಿಸೆಂಬರ್‌ನ ಒಂದು ಶನಿವಾರ ಅವರು ರಜೆ ಹಾಕಿ ಸಭೆಗೆ ಹೋದರು. ಹೋಗುವ ಮೊದಲು ನಮ್ಮಲ್ಲಿ ಎರಡು ಸಲ ಅಭ್ಯಾಸ ಮಾಡಿದ್ದೆವು. ನಾನು ಟೀಚರ್, ಅವರು ತಾಯಿ. ಕೇಳಬೇಕಾದ ಪ್ರಶ್ನೆ ಎರಡೇ, ಮೊದಲೇ ಕೇಳಿಬಿಡಬೇಕು ಅಂತ ಮಾತಾಗಿತ್ತು. ಎಲ್ಲರೆದುರು ಎದ್ದು ನಿಂತು ಕನ್ನಡದಲ್ಲೇ ಕೇಳಿದರಂತೆ: “ಆರ್‌ಟಿಇ ಮಕ್ಕಳಿಗೆ ಒಂಬತ್ತನೇ ಕ್ಲಾಸಿಗೆ ಏನು ಮಾಡ್ತೀರಿ?” ಹಾಲ್ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಸಾಲಿನಿಂದ ಇನ್ನಿಬ್ಬರು ತಾಯಂದಿರು ಎದ್ದರು. ಅವರದೂ ಅದೇ ಪ್ರಶ್ನೆ. ಆರು ವರ್ಷದಿಂದ ಮೂವರ ಮಕ್ಕಳೂ ಒಂದೇ ಕ್ಲಾಸಿನಲ್ಲಿದ್ದರು, ತಾಯಂದಿರು ಒಬ್ಬರನ್ನೊಬ್ಬರು ನೋಡಿದ್ದು ಅವತ್ತೇ.

ಫೀಸಿನಲ್ಲಿ ರಿಯಾಯಿತಿಯ ಬಗ್ಗೆ ಆಡಳಿತ ಮಂಡಳಿಯನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ನಾನು ಅದನ್ನೇ ನಂಬಿ ಕೂರಬೇಡಿ ಅಂದಿದ್ದೇನೆ. ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯನ್ನು ತಾಯಿ ಮಗಳು ಇಬ್ಬರೂ ಒಂದು ಸಲ ಹೋಗಿ ನೋಡಿ ಬರಬೇಕು, ಮಗಳ ಕಣ್ಣಿಗೆ ಅದು ಸೋಲು ಅನ್ನಿಸದ ಹಾಗೆ ಈಗಿನಿಂದಲೇ ಮಾತಾಡಬೇಕು. ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಕಾರ್ಮಿಕರ ಮಕ್ಕಳ ಓದಿಗೆ ಸಿಗುವ ಸಹಾಯಧನದ ಬಗ್ಗೆಯೂ ಫ್ಯಾಕ್ಟರಿಯಲ್ಲಿ ವಿಚಾರಿಸಲು ಹೇಳಿದ್ದೇನೆ.

ಜನವರಿ ಮೊದಲ ವಾರ ಅವರ ಫೋನ್ ಬಂತು. ಹಿಂದೆ ಹೊಲಿಗೆ ಯಂತ್ರಗಳ ಸದ್ದು, ಊಟದ ಬಿಡುವು ಮುಗಿಯುವ ಹೊತ್ತು. “ಮೀಟಿಂಗ್ 25ಕ್ಕೆ ಅಂತೆ ಮೇಡಂ. ಚೀಟಿ ನಿನ್ನೆ ಬಂತು, ನಿನ್ನೇನೇ ಕೊಟ್ಲು. ರಜೆಗೆ ಬರೆದುಕೊಟ್ಟಾಯ್ತು.”