ಎಕ್ಸೆಲ್‌ನಲ್ಲಿ ಖಾತೆ ಸಂಖ್ಯೆಯ ಕೊನೆಯ ಅಂಕಿ ತಾನಾಗಿಯೇ ಸೊನ್ನೆ ಆಗುತ್ತಿದೆ, ಏನು ಮಾಡಲಿ?

ಶಾಲೆಯ ವಿದ್ಯಾರ್ಥಿವೇತನದ ಪಟ್ಟಿ ಮಾಡುವಾಗ ಆಧಾರ್ ಸಂಖ್ಯೆ ‘4.5ಇ+11’ ಅಂತ ಕಾಣುತ್ತದೆ, 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಗೆ ಸೊನ್ನೆ ಬಂದು ಕೂರುತ್ತದೆ ಎಂದು ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಹೆದರಬೇಡಿ. ಎರಡನೆಯದನ್ನು ಇವತ್ತೇ ಸರಿ ಮಾಡಿ, ಅದರಲ್ಲಿ ಮಗುವಿನ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ.

ಆಧಾರ್ 12 ಅಂಕಿಯದು. ನಾವು ಏನೂ ಬದಲಿಸದಿದ್ದಾಗ ಇರುವ ‘ಜನರಲ್’ ಫಾರ್ಮ್ಯಾಟ್‌ನಲ್ಲಿ ಎಕ್ಸೆಲ್ 11 ಅಂಕಿಯವರೆಗೆ ಮಾತ್ರ ಪೂರ್ತಿ ತೋರಿಸುತ್ತದೆ. ಒಳಗೆ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಕಾಲಂ ಆರಿಸಿ, ಕಂಟ್ರೋಲ್ ಮತ್ತು 1 ಒಟ್ಟಿಗೆ ಒತ್ತಿ, ‘ನಂಬರ್’ ಆರಿಸಿ, ಡೆಸಿಮಲ್ ಜಾಗದಲ್ಲಿ 0 ಕೊಡಿ. ಅಷ್ಟೇ.

ಖಾತೆ ಸಂಖ್ಯೆಯ ಕಥೆ ಬೇರೆ. ಒಂದು ಸಂಖ್ಯೆಯಲ್ಲಿ ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಎಂಟರ್ ಒತ್ತಿದ ಕೂಡಲೇ 16ನೆಯ ಅಂಕಿ ಸೊನ್ನೆ ಆಗಿಬಿಡುತ್ತದೆ. ಆಮೇಲೆ ಫಾರ್ಮ್ಯಾಟ್ ಏನೇ ಬದಲಿಸಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಪಾಸ್‌ಬುಕ್ ಮುಂದಿಟ್ಟುಕೊಂಡು ಮತ್ತೆ ಟೈಪ್ ಮಾಡುವುದೊಂದೇ ದಾರಿ.

ಹಾಗಾಗಿ ಟೈಪ್ ಮಾಡುವ ಮೊದಲೇ ಇಡೀ ಕಾಲಂ ಆರಿಸಿ ‘ಟೆಕ್ಸ್ಟ್’ ಫಾರ್ಮ್ಯಾಟ್ ಕೊಡಿ. ಒಂದೆರಡು ಸಂಖ್ಯೆ ಮಾತ್ರ ಇದ್ದರೆ ಮುಂದೆ ಒಂದು ಸಿಂಗಲ್ ಕೋಟ್ ಹಾಕಿದರೂ ಸಾಕು. ಶುರುವಿನ ಸೊನ್ನೆಗಳೂ ಉಳಿಯುತ್ತವೆ. ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಬರುತ್ತದೆ, ಬರಲಿ ಬಿಡಿ. ‘ಕನ್ವರ್ಟ್ ಟು ನಂಬರ್’ ಅಂತ ಅದು ಸಲಹೆ ಕೊಡುತ್ತದೆ. ಅದನ್ನು ಮಾತ್ರ ಒತ್ತಬೇಡಿ. ಕೂಡಿ ಕಳೆಯುವ ಅಗತ್ಯ ಇಲ್ಲದ ಯಾವ ಸಂಖ್ಯೆಯೂ ನನ್ನ ಪ್ರಕಾರ ಟೆಕ್ಸ್ಟ್ ಆಗಿಯೇ ಇರಬೇಕು: ಖಾತೆ, ಆಧಾರ್, ಫೋನ್, ಎಲ್ಲವೂ.

ಪಟ್ಟಿ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಅಕ್ಷರಗಳ ಫೈಲ್) ಆಗಿ ಬಂದರೆ ಇನ್ನೂ ಜಾಗ್ರತೆ ಬೇಕು. ಡಬಲ್ ಕ್ಲಿಕ್ ಮಾಡಿ ತೆರೆದರೆ ಅಂಕಿ ಅಲ್ಲೇ ಹೋಗುತ್ತದೆ, ಸೇವ್ ಮಾಡಿದರೆ ಫೈಲೂ ಕೆಟ್ಟಿತು. ಖಾಲಿ ಶೀಟ್ ತೆರೆದು, ‘ಡೇಟಾ’ ಮೆನುವಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ಡೇಟಾ ಟೈಪ್ ಪತ್ತೆ ಮಾಡಬೇಡ ಎಂಬ ಆಯ್ಕೆ ಕೊಟ್ಟು ಲೋಡ್ ಮಾಡಿ. ಎಕ್ಸೆಲ್ ಬದಲು ಉಚಿತವಾದ ಲಿಬ್ರೆ ಆಫೀಸ್ ಬಳಸುವವರಿಗೆ ಇದು ಸುಲಭ. ಸಿಎಸ್‌ವಿ ತೆರೆಯುವಾಗಲೇ ಪ್ರತಿ ಕಾಲಂ ಬಗ್ಗೆ ಕೇಳುತ್ತದೆ.

ಪಹಣಿಯ ಸರ್ವೆ ನಂಬರ್ ಟೈಪ್ ಮಾಡುವವರಿಗೂ ಇದೇ ಕಾಟ. 12/3 ಅಂತ ಹಾಕಿದರೆ ಅದು ತಾರೀಖು ಆಗಿಬಿಡುತ್ತದೆ. 45/2 ಹಾಗೇ ಉಳಿಯುತ್ತದೆ, ಏಕೆಂದರೆ 45ನೇ ತಾರೀಖು ಇಲ್ವಲ್ಲ. ಪಟ್ಟಿಯಲ್ಲಿ ಕೆಲವು ಮಾತ್ರ ಕೆಡುವುದರಿಂದ ಕಣ್ಣಿಗೆ ಬೀಳುವುದೂ ಕಷ್ಟ. ವಿಜ್ಞಾನಿಗಳೂ ಇದರಿಂದ ಬೇಸತ್ತಿದ್ದರು. ‘ಮಾರ್ಚ್1’, ‘ಸೆಪ್ಟ್1’ ಎಂಬ ಜೀನ್‌ಗಳ ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡುತ್ತಿತ್ತು. 2020ರ ಹೊತ್ತಿಗೆ ಆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು!

ಹೊಸ ಮೈಕ್ರೋಸಾಫ್ಟ್ 365ರಲ್ಲಿ ಫೈಲ್, ಆಪ್ಶನ್ಸ್, ಡೇಟಾ ಎಂಬಲ್ಲಿ ಹೀಗೆ ತಾನಾಗಿ ಬದಲಿಸುವ ಕೆಲವು ಅಭ್ಯಾಸಗಳಿಗೆ ಟಿಕ್‌ಗಳಿವೆ, 12/3 ತಾರೀಖು ಆಗುವುದನ್ನು ಮಾತ್ರ ಅವು ತಡೆಯುವುದಿಲ್ಲ. ಟಿಕ್ ತೆಗೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಫೈಲ್ ಮುಂದೆ ಬೇರೆಯವರ ಕೈಗೂ ಹೋಗುತ್ತದೆ ಅಲ್ವಾ?

ಇನ್ನೊಂದು ವಿಷಯ. ಟೆಕ್ಸ್ಟ್ ಮಾಡಿದ ಮೇಲೂ, ಒಂದು ಸಂಖ್ಯೆ ಪಟ್ಟಿಯಲ್ಲಿ ಎಷ್ಟು ಸಲ ಇದೆ ಎಂದು ಎಣಿಸುವ ‘ಕೌಂಟ್‌ಇಫ್’ ಸೂತ್ರ 16 ಅಂಕಿಯನ್ನು ಸಂಖ್ಯೆ ಎಂದೇ ಓದಿ, ಮೊದಲ 15ನ್ನು ಮಾತ್ರ ಹೋಲಿಸುತ್ತದೆ. ಕೊನೆಯ ಅಂಕಿ ಮಾತ್ರ ಬೇರೆ ಇರುವ ಇಬ್ಬರು ಮಕ್ಕಳ ಖಾತೆ ಒಂದೇ ಎಂದು ತೋರಿಸಿಬಿಡುತ್ತದೆ. ಸೂತ್ರದಲ್ಲಿ ಹುಡುಕುವ ಸೆಲ್ ಹೆಸರಿನ ಪಕ್ಕ &"*" ಸೇರಿಸಿ. ಆಗ ಅದನ್ನು ಅಕ್ಷರದಂತೆ ಪೂರ್ತಿ ಹೋಲಿಸುತ್ತದೆ.