ಹಿತ್ತಲ ಪ್ರಶ್ನೋತ್ತರ: ಮಲೆನಾಡ ಮಳೆಯಲ್ಲಿ ನೆಲದ ಆರ್ಕಿಡ್

ಪ್ರಶ್ನೆ: ನೇರಳೆ ಹೂವಿನ ನೆಲದ ಆರ್ಕಿಡ್ ಅಂಗಳದಲ್ಲಿ ಚೆನ್ನಾಗಿ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಏರಿಸಿದೆ. ಜಡಿಮಳೆ ಹಿಡಿದ ಮೇಲೆ ಸುಳಿಗಳು ಕಂದಾಗಿ ಮಗುಚುತ್ತಿವೆ. ಉಳಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಗೆಡ್ಡೆ ಗಟ್ಟಿಯಿದ್ದರೆ ಖಂಡಿತ ಉಳಿಸಬಹುದು. ನಮ್ಮ ಕಡೆ ಅಂಗಳಗಳಲ್ಲಿ ಹೆಚ್ಚಾಗಿ ಇರುವುದು ಸ್ಪ್ಯಾಥೊಗ್ಲಾಟಿಸ್ ಪ್ಲಿಕೇಟಾ: ಅಡಿಕೆ ಸಸಿಯಂಥ ನೆರಿಗೆ ಎಲೆ, ಬುಡದಲ್ಲಿ ಗೆಡ್ಡೆ. ಆಗ್ನೇಯ ಏಷ್ಯಾ, ಪೆಸಿಫಿಕ್ ದ್ವೀಪಗಳ ಗಿಡವಾದ್ದರಿಂದ ಮಳೆ ಅದಕ್ಕೆ ಹೊಸದಲ್ಲ. ಬುಡದಲ್ಲಿ ನಿಂತ ನೀರನ್ನು ಮಾತ್ರ ಅದು ತಾಳದು. ಗೊಬ್ಬರ ಏರಿಸಿದ್ದರಿಂದ ಗೆಡ್ಡೆ ಹೂತುಹೋಗಿ, ಗಾಳಿಯಾಡದೆ, ಎಲೆಬುಡದ ಸಂದಿಯಲ್ಲಿ ಕೊಳೆ ಹತ್ತಿದೆ. ಸುಳಿಯನ್ನು ಮೆಲ್ಲಗೆ ಎಳೆದು ನೋಡಿ. ಕೈಗೇ ಕಿತ್ತು ಬಂದು ನಾತ ಹೊಡೆದರೆ ಆ ಗೆಡ್ಡೆಯ ಆಸೆ ಬಿಡಿ, ಪಕ್ಕದವನ್ನು ಕಾಪಾಡಿ.

ಇಡೀ ಬುಡ ಅಗೆದು ತೊಳೆಯಿರಿ. ಚಾಕುವನ್ನು ಬೆಂಕಿಗೆ ಹಿಡಿದು, ಬಿಳಿ ತಿರುಳು ಕಾಣುವವರೆಗೆ ಕೊಳೆತದ್ದನ್ನು ಕೊಯ್ಯಿರಿ. ಪ್ರತಿ ಕೊಯ್ತಕ್ಕೂ ಮತ್ತೆ ಕಾಯಿಸಬೇಕು. ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್-ಮ್ಯಾಂಕೋಜೆಬ್ ಮಿಶ್ರಣ (ಶಿಲೀಂಧ್ರನಾಶಕ ಪುಡಿ) ಕದಡಿ ಹತ್ತು ನಿಮಿಷ ಅದ್ದಿ, ನೆರಳಲ್ಲಿ ಒಂದು ದಿನ ಆರಲು ಬಿಡಿ. ಎಲೆಯಿಲ್ಲದ ಹಳೇ ಗೆಡ್ಡೆಗಳನ್ನು ಎಸೆಯಬೇಡಿ, ಒದ್ದೆ ಮರಳಿನ ಮೇಲಿಟ್ಟರೆ ಅವೂ ಚಿಗುರುತ್ತವೆ.

ಮಣ್ಣಿಗೆ ಎರಡು ಪಾಲು ಕೊಳೆತ ದರಗು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೆಂಪು ಮಣ್ಣು, ಅರ್ಧ ಪಾಲು ಇದ್ದಿಲ ಚೂರು. ನೆಲದಲ್ಲಾದರೆ ಏರಿ ಮಡಿ ಮುಕ್ಕಾಲು ಅಡಿಯಾದರೂ ಎತ್ತರವಿರಲಿ, ಸೂರಿನ ನೀರು ಬೀಳುವ ಸಾಲು ಬೇಡ. ಗೆಡ್ಡೆಯ ಕೆಳಗಿನ ಮೂರನೇ ಒಂದು ಭಾಗ ಮಾತ್ರ ಮಣ್ಣಲ್ಲಿ, ಉಳಿದದ್ದು ಹೊರಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಈಗ ಕುಂಡದಲ್ಲಿ ಮಾಡಿನಡಿ, ಬೆಳಕು ಬೀಳುವ ಕಡೆ ಇಟ್ಟು, ಮಳೆ ಇಳಿದ ಮೇಲೆ ಅಕ್ಟೋಬರಿನಲ್ಲಿ ನೆಲಕ್ಕೆ ಹಾಕಿ.

ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವಾಗ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಇದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಅದರಲ್ಲಿರುವ ತಾಮ್ರ ಹಲವು ಆರ್ಕಿಡ್‌ಗಳಿಗೆ ಆಗುವುದಿಲ್ಲ.

ಪ್ರಶ್ನೆ: ಎಲೆ ಸೊಂಪಾಗಿ, ಎರಡಡಿ ಉದ್ದ ಬಂದಿದೆ. ಹೂ ಮಾತ್ರ ಇಲ್ಲ. ಗಿಡ ಹಲಸಿನ ಮರದ ಕೆಳಗಿದೆ.
– ಓದುಗರು, ಸಾಗರ

ಉತ್ತರ: ನೆರಳು ಹೆಚ್ಚಾಯಿತು. ಎಲೆ ಕಡು ಹಸಿರಾಗಿ ಉದ್ದ ಬೆಳೆದು ಬಾಗಿದ್ದರೆ ಅದೇ ಗುರುತು. ಸಾಕಷ್ಟು ಬೆಳಕಿದ್ದರೆ ತಿಳಿ ಹಸಿರಾಗಿ ನೆಟ್ಟಗಿರುತ್ತದೆ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಜಾಗಕ್ಕೆ ಬದಲಿಸಿ, ಆದರೆ ಒಂದೇ ಸಲಕ್ಕೆ ಬೇಡ. ಹತ್ತು ಹದಿನೈದು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಸರಿಸಿ, ಇಲ್ಲವಾದರೆ ಎಲೆ ಸುಡುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಲೀಟರ್ ನೀರಿಗೆ 1 ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಸಾಕು, ಜಡಿಮಳೆಯಲ್ಲಿ ಅದೂ ಬೇಡ. ಹೂದಂಡು ಗೆಡ್ಡೆಯ ಬುಡದಿಂದ ಏಳುತ್ತದೆ, ಎಳೆಯದಿದ್ದಾಗ ಬಸವನಹುಳು ರಾತ್ರಿ ಬಂದು ಮೇಯುತ್ತದೆ. ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ. ತುದಿಯಲ್ಲಿ ಮೊಗ್ಗು ಇರುವವರೆಗೂ ದಂಡನ್ನು ಕತ್ತರಿಸಬೇಡಿ, ಹೂಗಳು ಒಂದಾದ ಮೇಲೊಂದು ವಾರಗಟ್ಟಲೆ ಅರಳುತ್ತವೆ.

ಪ್ರಶ್ನೆ: ಕಾಯಿ ಬಿಟ್ಟಿದೆ. ಬೀಜದಿಂದ ಸಸಿ ಮಾಡಬಹುದೇ?
– ಓದುಗರು, ಹೊಸನಗರ

ಉತ್ತರ: ಬೀಜ ಧೂಳಿನಷ್ಟು ಸಣ್ಣ, ಅದರಲ್ಲಿ ಆಹಾರದ ದಾಸ್ತಾನಿಲ್ಲ. ಮಣ್ಣಿನ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಸಸಿಯಾಗುತ್ತದೆ. ಕಾಯಿ ಹಳದಿ ತಿರುಗಿದಾಗ ಕೊಯ್ದು, ತಾಯಿಗಿಡದ ಬುಡದ ಹಸಿ ದರಗಿನ ಮೇಲೆ ಉದುರಿಸಿ ನೋಡಬಹುದು. ಖಾತ್ರಿ ಬೇಕೆಂದರೆ ಗೆಡ್ಡೆ ಬಿಡಿಸುವುದೇ ಸರಿ: ಒಂದು ತುಂಡಿಗೆ ಮೂರು ಗೆಡ್ಡೆಯಾದರೂ ಇರಲಿ. ಬೀಜ ಬೇಡವಾದರೆ ಕಾಯಿಗಳನ್ನು ಎಳೆಯದರಲ್ಲೇ ಚಿವುಟಿ, ಹೊಸ ಸುಳಿಗೆ ಶಕ್ತಿ ಉಳಿಯುತ್ತದೆ.