ಯಾವ ಮಾತ್ರೆಯೂ ಹಿಡಿಸಲ್ಲ ಎಂದ ರೈಟರ್

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಅವರು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು. ವಯಸ್ಸು ನಲವತ್ತು ದಾಟಿದೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಮನಸ್ಸಿನ ತೊಂದರೆ ಇರುವವರಿಗೆ ಸಲಹೆ ಕೊಡುವ ನನ್ನನ್ನು ನೋಡಲು ಹೆಂಡತಿ ಜೊತೆ ಚಿಕ್ಕಮಗಳೂರಿಗೆ ಬಂದಿದ್ದರು. ತಿಂಗಳುಗಟ್ಟಲೆ ಬೇಸರ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಕೆಲಸದವರ ಹಾಜರಿ ಬರೆಯುವಾಗಲೂ ಲೆಕ್ಕ ತಪ್ಪು. ಡಾಕ್ಟರು ಖಿನ್ನತೆ ಅಂತ ಹೇಳಿ ಮಾತ್ರೆ ಬರೆದಿದ್ದರು.

"ಮೂರು ಥರದ್ದು ನುಂಗಿ ನೋಡಿದೆ ಮೇಡಂ. ನನ್ನ ಮೈಗೆ ಯಾವ್ದೂ ಹಿಡಿಸಲ್ಲ."

ಅವರ ಹೆಂಡತಿ ಪ್ಲಾಸ್ಟಿಕ್ ಕವರಿನಿಂದ ಮೂರು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಹಿಂಬದಿಯ ಸಣ್ಣ ಅಕ್ಷರ ಓದಿದೆ. ಒಂದು ಎಸ್ಸಿಟಾಲೋಪ್ರಾಮ್. ಇನ್ನೊಂದರ ಕಂಪನಿ ಬೇರೆ, ಬಣ್ಣ ಬೇರೆ, ಒಳಗಿರುವುದು ಅದೇ ಎಸ್ಸಿಟಾಲೋಪ್ರಾಮ್, ಜೊತೆಗೆ ಆತಂಕ ತಗ್ಗಿಸಿ ನಿದ್ದೆ ಬರಿಸುವ ಕ್ಲೋನಾಜೆಪಾಮ್. ಮೂರನೆಯದು ಸರ್ಟ್ರಾಲಿನ್. ಅಂದರೆ ಖಿನ್ನತೆಯ ಔಷಧ ಅಂತ ಅವರು ನೋಡಿದ್ದು ಎರಡೇ. ಮೊದಲನೆಯದನ್ನು ಹೊಟ್ಟೆ ತೊಳಸುತ್ತೆ ಅಂತ ಒಂದೇ ವಾರಕ್ಕೆ ಬಿಟ್ಟಿದ್ದರು. ಸರ್ಟ್ರಾಲಿನ್ ಎರಡು ವಾರ. ಕ್ಲೋನಾಜೆಪಾಮ್ ಇದ್ದದ್ದು ಅದೇ ರಾತ್ರಿ ನಿದ್ದೆ ತರಿಸಿತ್ತು, ಹಾಗಾಗಿ ಅದೊಂದೇ "ಒಳ್ಳೇ ಮಾತ್ರೆ". ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದನ್ನೇ ತಂದು, ನಿದ್ದೆ ಬಾರದ ದಿನ ನುಂಗುತ್ತಿದ್ದರು. ಕೆಲವು ಸಂಜೆ ಕುಡಿತವೂ ಇತ್ತು. ಕ್ಲೋನಾಜೆಪಾಮ್ ಚಟ ಹಿಡಿಸುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು. ಇದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಬದುಕೇ ಬೇಡ ಅನ್ನಿಸಿದ್ದುಂಟಾ ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವರು ಹೌದೆಂಬಂತೆ ತಲೆ ಆಡಿಸಿದರು. ತೋಟದಲ್ಲಿ ಸಿಂಪಡಿಸುವ ಔಷಧಿ ಇಡುವ ಸ್ಟೋರಿನ ಬೀಗದ ಕೈ ಇವರ ಹತ್ತಿರವೇ ಇತ್ತು. ಅವರ ಒಪ್ಪಿಗೆ ತಗೊಂಡು, ಅಲ್ಲೇ ಮಾಲೀಕರಿಗೆ ಫೋನ್ ಮಾಡಿಸಿ ಬೀಗದ ಕೈ ಮೇಸ್ತ್ರಿಗೆ ಕೊಡಿಸಿದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಿನಲ್ಲೂ ಹಾಕಿಕೊಟ್ಟೆ. ರಾತ್ರಿ ಹೊತ್ತಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ. ನಾನು ಕೊಟ್ಟ ಸಲಹೆ ಇಷ್ಟು: ಒಬ್ಬರೇ ಮನೋವೈದ್ಯರನ್ನು ಹಿಡಿದುಕೊಳ್ಳಿ, ಈ ಮೂರೂ ಸ್ಟ್ರಿಪ್ ತೋರಿಸಿ, ಕುಡಿತದ ವಿಷಯ ಮುಚ್ಚಿಡಬೇಡಿ. ಕ್ಲೋನಾಜೆಪಾಮ್ ಅನ್ನು ನೀವಾಗೇ ಒಮ್ಮೆಲೇ ಬಿಡಬೇಡಿ, ಡಾಕ್ಟರೇ ಇಳಿಸುತ್ತಾರೆ. ಥೈರಾಯ್ಡ್, ಬಿ12 ಪರೀಕ್ಷೆ ಬೇಕಾ ಅಂತ ಕೇಳಿ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರೆಂಟು ವಾರ ಬೇಕು. ವಾಕರಿಕೆ, ತಲೆನೋವು ಮೊದಲು ಬರುತ್ತವೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ಚಡಪಡಿಕೆ ಜಾಸ್ತಿಯಾದರೆ, ಸಾಯುವ ಯೋಚನೆ ಬಲವಾದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ.

"ಮೊದಲನೆಯದೇ ಹಿಡಿಸಬೇಕಿತ್ತಲ್ವಾ?" ಅಂದರು. ಅಮೆರಿಕದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಮೊದಲ ಮಾತ್ರೆಯಲ್ಲೇ ಪೂರ್ತಿ ಚೇತರಿಸಿಕೊಂಡವರು ಅದರಲ್ಲೂ ಸುಮಾರು ಮೂರರಲ್ಲಿ ಒಬ್ಬರಷ್ಟೇ. ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ಡಾಕ್ಟರು ಎಸ್ಸಿಟಾಲೋಪ್ರಾಮನ್ನೇ ಮತ್ತೆ ಶುರು ಮಾಡಿದರು, ಈ ಸಲ ಊಟದ ನಂತರ, ಸಣ್ಣ ಡೋಸಿನಿಂದ. ರೈಟರು ಹಾಜರಿ ಪುಸ್ತಕದ ಹಾಗೇ ಒಂದು ನೋಟುಪುಸ್ತಕದಲ್ಲಿ ಗೆರೆ ಹಾಕಿಕೊಂಡು ಮಾತ್ರೆ, ನಿದ್ದೆ, ಊಟ ಬರೆದಿಟ್ಟರು. ಎರಡು ತಿಂಗಳಲ್ಲಿ ಅಳು ನಿಂತಿತು. ನಿದ್ದೆ ಮಾತ್ರ ಸುಧಾರಿಸಲಿಲ್ಲ. ಇನ್ನೊಂದು ತೊಂದರೆಯನ್ನು ಹೆಂಡತಿ ಹೊರಗೆ ಹೋದ ಮೇಲೆ ಹೇಳಿದರು: ಗಂಡ ಹೆಂಡಿರ ನಡುವಿನ ಆಸೆಯೇ ಹೋಗಿದೆ. ಈ ಬಗೆಯ ಮಾತ್ರೆಗಳಲ್ಲಿ ಇದು ಮಾಮೂಲು. ಎಷ್ಟೋ ಗಂಡಸರು ನಾಚಿಕೆಯಿಂದ ಬಾಯಿ ಬಿಡದೆ ಸುಮ್ನೆ ಮಾತ್ರೆ ನಿಲ್ಲಿಸುತ್ತಾರೆ. ಡಾಕ್ಟರಿಗೆ ಇದೇ ಮಾತು ಹೇಳಿ ಅಂದೆ, ಹೇಳಿದರು. ನಿಧಾನವಾಗಿ ಮಿರ್ಟಜಪಿನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆಗೆ ಬದಲಾಯಿಸಿದರು. ಅದು ರಾತ್ರಿ ಮಾತ್ರೆ, ನಿದ್ದೆ ತರುತ್ತದೆ, ಆ ತೊಂದರೆ ಕಡಿಮೆ. ತೂಕ ಏರುತ್ತದೆ, ಅದನ್ನು ನೋಡಿಕೊಳ್ಳಬೇಕು.

ಈಗ ಅವರು ಚೆನ್ನಾಗಿದ್ದಾರೆ. "ಇನ್ನು ಬಿಡಬಹುದಾ?" ಅಂತ ಕೇಳಿದರು. ಗುಣವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಬೇಕು, ಆಮೇಲೆ ಹಂತಹಂತವಾಗಿ ಇಳಿಸೋಣ ಅಂದಿದ್ದಾರೆ ಡಾಕ್ಟರು. ಮುಂದಿನ ತಪಾಸಣೆ ಹಣ್ಣು ಕೊಯ್ಲಿನ ಮಧ್ಯೆ ಬರುತ್ತದೆ. ಆ ದಿನ ರಜೆ ಬೇಕು ಅಂತ ಅವರೇ ಮಾಲೀಕರಿಗೆ ಈಗಲೇ ಹೇಳಿಟ್ಟಿದ್ದಾರೆ.